ಹುಲ್ಲುದಂಡೆಯ ಹಕ್ಕಿಗಳು

"ಇಲ್ಲ! ಅವಳ ಹೆಸರೇ ಇಲ್ಲ!"

ಬೆಳಗ್ಗೆ ಹೊಲಿಗೆ ಕೋಣೆಯಿಂದ ಎದ್ದ ಆ ಕೂಗಿಗೆ ಗಂಡ, ಮಗ ಪಾಪು ಇಬ್ಬರೂ ಓಡಿ ಬಂದರು. ಅಂಗೈಯಲ್ಲಿ ಹಿಡಿಸುವ ಹಳೆಯ ವಿಡಿಯೊ ಗೇಮ್ ಒಂದನ್ನು ಎರಡೂ ಕೈಯಿಂದ ಅವುಚಿಕೊಂಡು ಮನೆಯೊಡತಿ ನಿಂತಿದ್ದಳು. ಅದರ ಪುಟ್ಟ ಪರದೆಯ ಮೇಲೆ ಎರಡೇ ಪದ: 'ಹೊಸ ಆಟ'. ಹಿಂದಿನ ಸಂಜೆಯವರೆಗೂ ಅದರ ಕೆಳಗೆ ಇನ್ನೊಂದು ಸಾಲಿತ್ತು. 'ಮುಂದುವರಿಸು' ಎಂದು. ಪಕ್ಕದಲ್ಲಿ, ಮೂರು ವರ್ಷದ ಹಿಂದೆ ತೀರಿಹೋದ ಮಗಳ ಹೆಸರು.

ಬೂದಿ ಅತ್ತೆಗೆ ಫೋನ್ ಬಂದಾಗ ಅವಳು ಸುಟ್ಟುಹೋದ ಕುರ್ಚಿ ಮೇಜುಗಳ ಗೋದಾಮಿನಲ್ಲಿ ಮೊಣಕಾಲೂರಿ ಕುಳಿತಿದ್ದಳು. ವಿಮೆ ಕಂಪನಿಗಾಗಿ ಬೆಂಕಿ ಅನಾಹುತಗಳ ತನಿಖೆ ಮಾಡುವುದು ಅವಳ ಕಸುಬು. ಬೆಂಕಿ ತಾನಾಗಿ ಬಿತ್ತೋ, ಯಾರಾದರೂ ಹಚ್ಚಿದರೋ, ಬೂದಿ ಕೆದಕಿ ಹೇಳಬೇಕು. ಅಣ್ಣನ ಇಬ್ಬರು ಮಕ್ಕಳು ಚಿಕ್ಕಂದಿನಲ್ಲಿ ತಮಾಷೆಗೆ ಇಟ್ಟ ಹೆಸರು ಕೊನೆಗೆ ಅವಳ ಆಫೀಸಿನವರ ಬಾಯಿಗೂ ಹತ್ತಿತ್ತು. ಹೆಸರಿಟ್ಟವರಲ್ಲಿ ಒಬ್ಬಳು ಈಗಿಲ್ಲ. ಅದಕ್ಕೇ ಆ ಹೆಸರನ್ನು ಯಾರಾದರೂ ಬಿಡಿಸಲು ಬಂದರೆ ಅವಳಿಗೆ ಸಿಟ್ಟು ಬರುತ್ತಿತ್ತು.

ಮಸಿ ಹತ್ತಿದ ಬಟ್ಟೆಯಲ್ಲೇ ಬಂದಳು. ಅಣ್ಣ ಬಸ್ಸಿನ ಡ್ರೈವರ್. ಕೆಲಸಕ್ಕೆ ಹೋಗದೆ ಬಾಗಿಲ ಬಳಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದ. ಒಳಗೆ ಅರ್ಧ ಹೊಲಿದ ಪರದೆ ಬಟ್ಟೆಗಳ ರಾಶಿಯ ನಡುವೆ ಅತ್ತಿಗೆ.

"ಗುಬ್ಬಿ ಕೆಲಸ ಇದು," ಎಂದಳು ಅತ್ತಿಗೆ, ಮಗಳ ಗೆಳತಿಯ ಹೆಸರೆತ್ತಿ. "ಇನ್ನೊಂದು ಸಲ ಅವಳು ಈ ಹೊಸ್ತಿಲು ತುಳೀಲಿ, ನೋಡ್ತೀನಿ!"

"ಅತ್ತಿಗೆ, ತೀರ್ಪು ಆಮೇಲೆ ಕೊಡಿ. ಮೊದಲು ವಿಚಾರಣೆ ಆಗ್ಲಿ. ಕೊನೇ ಸಲ ಇದು ಸರಿಯಾಗಿದ್ದಿದ್ದು ಯಾವಾಗ?"

"ನಿನ್ನೆ ಸಂಜೆ. ದಿನಾ ಸಂಜೆ ನೋಡ್ತೀನಲ್ಲ."

"ಏನೇನು ಕಾಣ್ತಿತ್ತು?"

"ಒಂದು ಮನೆ. ಬಾಗಿಲಲ್ಲಿ ಅವಳು ನಿಂತಿರ್ತಾಳೆ. ಪುಟ್ಟ ಹುಡುಗಿ, ಕೆಂಪು ಟೋಪಿ, ತಲೆ ಮೇಲೆ ನನ್ನ ಮಗಳ ಹೆಸರು. ನಾನು ಯಾವತ್ತೂ ನಡೆಸಲ್ಲ. ಅವಳು ಎಲ್ಲಿ ನಿಲ್ಲಿಸಿ ಹೋದ್ಲೋ ಅಲ್ಲೇ ಇರ್ಲಿ ಅಂತ." ಅತ್ತಿಗೆ ಮೂಗೊರೆಸಿಕೊಂಡಳು. "ಆಮೇಲೆ ಹಕ್ಕಿ ಪುಸ್ತಕ ತೆಗೀತೀನಿ."

ಆಟದ ಹುರುಳು ಇಷ್ಟು: ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗಿ ಹಕ್ಕಿ ಹಿಡಿಯಬೇಕು, ಬೇಕಾದರೆ ಗೆಳೆಯರ ಆಟಕ್ಕೂ ಕೊಡಬಹುದು. ಹಿಡಿದ ಹಕ್ಕಿಗೆಲ್ಲ ಒಂದೊಂದು ಪುಟ. ಚಿತ್ರ, ಹೆಸರು, ಸಿಕ್ಕಿದ ಜಾಗ.

"ದಿನಕ್ಕೊಂದು ಹಕ್ಕಿ ನೋಡಿ ಮುಚ್ಚಿಡ್ತೀನಿ," ಎಂದಳು ಅತ್ತಿಗೆ. "ಹಿಮಗೂಬೆ, ಬೆಂಕಿಕೊಕ್ಕರೆ, ಬಂಡೆಹದ್ದು... ಎಲ್ಲಾ ಹುಲ್ಲುದಂಡೆಲೇ ಸಿಕ್ಕಿದ್ದು. ಅವಳ ಮನೆ ಇರೋ ದಂಡೆ ಅದು. ಅಷ್ಟು ದೊಡ್ಡ ಸಮುದ್ರ ಇದ್ರೂ ನನ್ನ ಮಗಳು ಮನೆ ಬಿಟ್ಟು ದೂರ ಹೋದವಳೇ ಅಲ್ಲ, ನೋಡು."

ಅಳುವವರ ಮನೆಯಲ್ಲಿ ತನಿಖೆ ಮಾಡುವುದು ಬೂದಿ ಅತ್ತೆಗೆ ಹೊಸದಲ್ಲ, ಆದರೆ ಅವರೆಲ್ಲ ಬೇರೆಯವರ ಮನೆಯವರು.

"ಗುಬ್ಬಿ ಯಾಕೆ ಬಂದಿದ್ಲು ನಿನ್ನೆ?"

"ಈ ಆಟದ ಕ್ಯಾಸೆಟ್ ಒಳಗೆ ಒಂದು ಗುಂಡು ಸೆಲ್ ಇರುತ್ತಂತೆ. ಸೇವ್ ಮಾಡಿದ್ದೆಲ್ಲ ಅದರ ಜೀವದ ಮೇಲೇ ನಿಂತಿರೋದಂತೆ. ಅದು ಸತ್ರೆ ಎಲ್ಲಾ ಹೋಯ್ತು. ನಾಳೆ ಕಂಪ್ಯೂಟರಿಗೆ ಕಾಪಿ ತೆಗೆದು, ಸೆಲ್ ಬದಲಾಯಿಸಿ, ವಾಪಸ್ ಹಾಕ್ಕೊಡ್ತೀನಿ ಆಂಟಿ ಅಂದ್ಲು. ಕ್ಯಾಸೆಟ್ ಹೊರಗೆ ತೆಗೆದು ತಿರುಗಿಸಿ ಮುರುಗಿಸಿ ನೋಡಿದ್ಲು. 'ನಾನು ಕೊಟ್ಟ ಹಕ್ಕಿ ಇನ್ನೂ ಇದ್ಯಾ ನಾಳೆ ನೋಡ್ಬೇಕು' ಅಂತ ನಗ್ತಾ ಹೋದ್ಲು. ಬೆಳಗ್ಗೆ ಎದ್ದು ಒಂದ್ಸಲ ಮುಖ ನೋಡ್ಕೊಳ್ಳೋಣ ಅಂತ ತೆಗೆದ್ರೆ..."

"ಅವಳು ಇದನ್ನೆಲ್ಲ ಹೇಳ್ವಾಗ ಇನ್ಯಾರಿದ್ರು?"

"ಎಲ್ಲರೂ ಇದ್ವಿ. ಇವರು, ಪಾಪು, ನಾನು."

ಆಟವನ್ನು ಕೈಯಲ್ಲಿ ಹಿಡಿದು ಬೂದಿ ಅತ್ತೆ ಇಳಿದಾಗ, ಗುಬ್ಬಿ ಕೆಳಗೆ ಮೆಟ್ಟಿಲ ಮೇಲೆ ಸಿಕ್ಕಿದಳು. ಬೆಳಗ್ಗೆ ಸಾಮಾನು ಚೀಲ ಹಿಡಿದು ಬಂದವಳನ್ನು ಅತ್ತಿಗೆ ಬೈದು ಅಟ್ಟಿದ್ದಳು. ಆದರೂ ಮನೆಗೆ ಹೋಗಿರಲಿಲ್ಲ. ಸತ್ತವಳ ಜೀವದ ಗೆಳತಿ. ಹಳೆಯ ವಿಡಿಯೊ ಗೇಮ್ ಕೂಡಿಹಾಕಿ ದುರಸ್ತಿ ಮಾಡುವ ಹುಚ್ಚು. ಅತ್ತು ಅತ್ತು ಕಣ್ಣು ಊದಿತ್ತು.

"ನಾನೇನೂ ಮಾಡ್ಲಿಲ್ಲ ಅತ್ತೆ. ಬರೀ ಹೊರಗಿಂದ ನೋಡ್ದೆ."

"ಅಳಬೇಡ. ಅತ್ತರೆ ಅರ್ಧ ಅನುಮಾನ ನಿನ್ನ ಮೇಲೇ ಬರುತ್ತೆ. ಆ ಸೆಲ್ ಸತ್ತಿದ್ಯಾ ಬದುಕಿದ್ಯಾ ಅಂತ ಈಗ ನೋಡ್ಬಹುದಾ?"

ಗುಬ್ಬಿ ಚೀಲದಿಂದ ಸಣ್ಣ ತಿರುಪುಳಿ ತೆಗೆದು ಕ್ಯಾಸೆಟ್ಟಿನ ಹೊಟ್ಟೆ ಬಿಚ್ಚಿದಳು. ಮೀಟರಿನ ಎರಡು ಮೊನೆ ಸೆಲ್ಲಿಗೆ ತಾಗಿಸಿದಳು. ಹುಬ್ಬು ಮೇಲೆ ಹೋಯಿತು.

"ಮೂರು ವೋಲ್ಟ್ ಇದೆ! ಸಾಯೋದಿರ್ಲಿ, ಇದಕ್ಕೆ ನೆಗಡಿ ಕೂಡ ಆಗಿಲ್ಲ."

"ಹಾಗಾದ್ರೆ?"

"ಹಾಗಾದ್ರೆ... ಯಾರೋ ಅಳಿಸಿದ್ದಾರೆ. ಶುರುವಿನ ಪರದೇಲಿ ಮೂರು ಗುಂಡಿ ಒಟ್ಟಿಗೆ ಒತ್ತಿ ಹಿಡೀಬೇಕು. 'ಎಲ್ಲಾ ಅಳಿಸಲಾ?' ಅಂತ ಕೇಳುತ್ತೆ. ಗುರುತು 'ಬೇಡ' ಮೇಲೆ ನಿಂತಿರುತ್ತೆ. ಅದನ್ನ 'ಸರಿ' ಮೇಲಕ್ಕೆ ತಂದು ಮತ್ತೆ ಒತ್ತಬೇಕು."

"ಕೈತಪ್ಪಿ ಆಗೋ ಕೆಲಸ ಅಲ್ಲ."

"ಅಲ್ವೇ ಅಲ್ಲ."

"ಈ ಗುಂಡಿ ಗುಟ್ಟು ಯಾರಿಗೆ ಗೊತ್ತು?"

ಗುಬ್ಬಿ ತಲೆ ತಗ್ಗಿಸಿದಳು. "ನನಗೆ ಗೊತ್ತು. ಈ ಆಟ ಆಡಿದ ಯಾರಿಗಾದ್ರೂ ಗೊತ್ತಿರುತ್ತೆ."

"ಚೀಲದಲ್ಲಿ ಇನ್ನೇನಿದೆ?"

"ಇದು ರೀಡರ್. ಕ್ಯಾಸೆಟ್ ಇದಕ್ಕೆ ಸಿಕ್ಕಿಸಿದ್ರೆ ಸೇವ್ ಫೈಲ್ ಕಂಪ್ಯೂಟರಿಗೆ ಇಳಿಯುತ್ತೆ. ಅಲ್ಲಿಂದ ಮತ್ತೆ ಕ್ಯಾಸೆಟ್ಟಿಗೆ ಹತ್ತಿಸಬಹುದು. ಹಳೇದು, ಆದ್ರೂ ಗಟ್ಟಿ. ಪಾಪು ಕೂಡ ಒಂದ್ಸಲ ಈಸ್ಕೊಂಡು ಹೋಗಿದ್ದ, ಅವನ ಯಾವುದೋ ಆಟ ಕಾಪಿ ಮಾಡ್ಬೇಕು ಅಂತ."

"ಯಾವಾಗ?"

"ಅಯ್ಯೋ, ಯಾವ ಕಾಲ! ಅವಳು ಹೋದ ಹೊಸತರಲ್ಲಿ."

ಪಾಪು ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ. ಮೀಸೆ ಬಂದು, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸಂಬಳ ತೆಗೆದುಕೊಳ್ಳುವಷ್ಟು ದೊಡ್ಡವನಾಗಿದ್ದರೂ ಮನೆಮಂದಿಗೆಲ್ಲ ಅವನು ಪಾಪುವೇ.

"ಏನಾಗಿರಬಹುದು ಅಂತೀಯ?" ಬೂದಿ ಅತ್ತೆ ಬಾಗಿಲಿಗೊರಗಿ ಕೇಳಿದಳು.

"ಸೆಲ್ ಸತ್ತಿರುತ್ತೆ ಅತ್ತೆ. ಎಷ್ಟು ಹಳೇದು ಅದು. ಗುಬ್ಬಕ್ಕಂದು ತಪ್ಪಲ್ಲ. ಯಾರದ್ದೂ ತಪ್ಪಲ್ಲ. ಅಮ್ಮಂಗೆ ಹೇಳಿ."

"ಸೆಲ್ ಚೆನ್ನಾಗಿದ್ಯಂತೆ. ಈಗಷ್ಟೇ ನೋಡಿದ್ವಿ."

ನಲ್ಲಿ ಹರಿಯುತ್ತಲೇ ಇತ್ತು. ತೊಳೆದ ಲೋಟವನ್ನೇ ಅವನು ಮತ್ತೆ ತೊಳೆದ.

"ಹಾಗಿದ್ರೆ ಒಳಗೆ ಧೂಳು ಕೂತಿರಬಹುದು. ಕೆಲವು ಸಲ ಹಾಗೂ ಆಗುತ್ತೆ. ಆಗ್ದೇನೂ ಇರಬಹುದು."

"ಅಡ್ಡಗೋಡೆ ಮೇಲೆ ದೀಪ ಇಡಬೇಡ ಕಣೋ. ನೀನು ಈ ಆಟ ಆಡಿದ್ಯಾ?"

"ಇಲ್ಲ. ಅಕ್ಕ ಮುಟ್ಟಕ್ಕೇ ಬಿಡ್ತಿರ್ಲಿಲ್ಲ."

ಅಷ್ಟರಲ್ಲಿ ಹಿಂದಿನಿಂದ ಅಣ್ಣನ ದನಿ ಬಂತು. "ಅವನನ್ನ ಯಾಕೆ ಕೇಳ್ತೀಯ? ನಾನೇ ಅಳಿಸಿದ್ದು."

ಬೂದಿ ಅತ್ತೆ ತಿರುಗಿದಳು. ಹೊಲಿಗೆ ಕೋಣೆಯಿಂದ ಅತ್ತಿಗೆಯೂ ಹೊರಬಂದಳು. ಅವಳ ಮುಖ ನೋಡಲಾಗುತ್ತಿರಲಿಲ್ಲ.

"ನೀವಾ?"

"ಹೂಂ. ನಾನೇ. ದಿನಾ ಸಂಜೆ ಅದರ ಮುಂದೆ ಕೂತು... ನೀನು ಬದುಕಿದವರ ಕಡೆ ನೋಡೋದನ್ನೇ ಬಿಟ್ಟಿದ್ದೆ. ಸಾಕಾಯ್ತು ನನಗೆ. ಬೈಯೋದಿದ್ರೆ ನನಗೆ ಬೈ, ಆ ಹುಡುಗಿಗಲ್ಲ."

ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳಿದ್ದರೆ ಮೊದಲ ಎರಡು ಪದಗಳಲ್ಲಿ ಇರಬೇಕು. ಬೂದಿ ಅತ್ತೆ ಆಟದ ಯಂತ್ರವನ್ನು ತಂದು ಅಣ್ಣನ ಕೈಗೆ ಕೊಟ್ಟಳು.

"ಹೇಗೆ ಅಳಿಸಿದೆ ಅಣ್ಣ? ತೋರಿಸು."

ಅಣ್ಣ ಅದನ್ನು ತಿರುಗಿಸಿದ. ಮುಂದೆ ನೋಡಿದ, ಹಿಂದೆ ನೋಡಿದ. ನಲವತ್ತು ಜನ ಕೂತ ಬಸ್ಸನ್ನು ಸಂದಿಗೊಂದಿಯಲ್ಲಿ ತೂರಿಸುವ ಮನುಷ್ಯನಿಗೆ ಅದನ್ನು ಆನ್ ಮಾಡುವ ಗುಂಡಿ ಎಲ್ಲಿದೆ ಎಂದು ತಿಳಿಯಲಿಲ್ಲ. ಕೊನೆಗೆ ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಬಾಗಿಲ ಬಳಿ ಹೋಗಿ ನಿಂತ.

"ಯಾರನ್ನ ಕಾಪಾಡ್ತಿದ್ದೀಯ ಅಣ್ಣ?"

"ಯಾರನ್ನೂ ಇಲ್ಲ. ಮನೇಲಿ ಜಗಳ ಬೇಡ ಅಂತ."

ಬೂದಿ ಅತ್ತೆ ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕುಳಿತಳು. ಅವಳ ಕೆಲಸದಲ್ಲಿ ಒಂದು ರೂಢಿ ಉಂಟು. ಬೆಂಕಿ ಯಾರು ಹಚ್ಚಿದರು ಎಂದು ಮೊದಲು ಕೇಳುವುದಿಲ್ಲ. ನಿನ್ನೆಯೇ ಯಾಕೆ ಹತ್ತಿತು ಎಂದು ಕೇಳುತ್ತಾಳೆ. ಮರುದಿನ ಸಾಮಾನು ತಪಾಸಣೆಗೆ ಯಾರೋ ಬರುವವರಿದ್ದರೆ, ಹಿಂದಿನ ದಿನ ಗೋದಾಮು ಸುಡುವುದು ಲೋಕರೂಢಿ.

ಇಲ್ಲಿ ಮೂರು ವರ್ಷ ಯಾರೂ ಏನೂ ಮಾಡಲಿಲ್ಲ. ಗುಬ್ಬಿ ಬಂದು "ನಾಳೆ ನೋಡ್ತೀನಿ" ಎಂದಳು. ಬೆಳಗಾಗುವಷ್ಟರಲ್ಲಿ ಬೂದಿ. ಹಾಗಾದರೆ ಗುಬ್ಬಿಯ ಕಣ್ಣಿಗೆ ಬೀಳಬಾರದ್ದು ಏನೋ ಅದರಲ್ಲಿತ್ತು. ಅತ್ತಿಗೆ ದಿನಾ ನೋಡಿದರೂ ತಿಳಿಯದ್ದು. ಆಟ ಬಲ್ಲವಳಿಗೆ ಒಂದೇ ನೋಟಕ್ಕೆ ತಿಳಿಯುವಂಥದ್ದು.

ಅವಳು ಅತ್ತಿಗೆಯ ಮಾತುಗಳನ್ನು ಮನಸ್ಸಿನಲ್ಲಿ ಒಂದೊಂದಾಗಿ ತಿರುವಿ ಹಾಕಿದಳು. ಮನೆ. ಕೆಂಪು ಟೋಪಿ. ಹಿಮಗೂಬೆ...

ಥಟ್ಟನೆ ಎದ್ದವಳು ಅಲ್ಲೇ ನಿಂತುಬಿಟ್ಟಳು. ಹೊಳೆದದ್ದು ನಿಜವಾಗಿದ್ದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುವುದೇ ಮೇಲೇನೋ. ಗೋದಾಮಿನ ಮಾಲೀಕನಿಗೆ ಸತ್ಯ ಹೇಳಿ ಬಂದರೆ ರಾತ್ರಿ ನಿದ್ದೆ ಬರುತ್ತದೆ. ಇಲ್ಲಿ ಸತ್ಯ ಹೇಳಿದರೆ ಅತ್ತಿಗೆಯ ಮೂರು ವರ್ಷದ ಸಂಜೆಗಳೆಲ್ಲ ಒಂದೇ ಏಟಿಗೆ ಸುಟ್ಟುಹೋಗುತ್ತವೆ. ಬೂದಿ ಅತ್ತೆಗೆ ಭಯವಾಯಿತು.

"ಗೊತ್ತಾಯ್ತಾ?" ಅತ್ತಿಗೆ ಅವಳ ಮುಖವನ್ನೇ ನೋಡುತ್ತಿದ್ದಳು. "ಗುಬ್ಬಿ ತಾನೆ? ನೀನು ಹೇಳದಿದ್ರೂ ಅವಳೇ. ನಾಳೆ ಅವಳ ಮನೆಗೆ ಹೋಗಿ ಅವಳಮ್ಮನ ಮುಂದೇನೇ ಕೇಳ್ತೀನಿ!"

ಮೆಟ್ಟಿಲಿನಿಂದ ಬಿಕ್ಕುವ ಸದ್ದು ಬಂತು. ಬಾಯಿ ಮುಚ್ಚಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಬೂದಿ ಅತ್ತೆ ಗುಬ್ಬಿಯನ್ನು ಕರೆದು ಒಳಗೆ ಕೂರಿಸಿದಳು.

"ಗುಬ್ಬಿ, ಆಟದಲ್ಲಿ ಹಿಮಗೂಬೆ ಎಲ್ಲಿ ಸಿಗುತ್ತೆ?"

"ಹಿಮದ ದ್ವೀಪದಲ್ಲಿ ಮಾತ್ರ. ಕೊನೇಲಿ ಬರುತ್ತೆ ಅದು."

"ಬೆಂಕಿಕೊಕ್ಕರೆ?"

"ಬೆಂಕಿಬೆಟ್ಟದ ಹತ್ರ. ಅದನ್ನ ಹಿಡಿಯಕ್ಕೆ ಅವಳೂ ನಾನೂ ಎಷ್ಟು ಒದ್ದಾಡಿದ್ವಿ ಗೊತ್ತಾ!"

"ಹುಲ್ಲುದಂಡೇಲಿ ಏನೇನು ಸಿಗುತ್ತೆ?"

"ಅದು ಆಟ ಶುರುವಾಗೋ ಜಾಗ. ಅಲ್ಲಿ ಬರೀ ಗುಬ್ಬಚ್ಚಿ, ಅಷ್ಟೇ. ನಾನು ಮೊದಮೊದಲು ಅಲ್ಲೇ ಸುತ್ತುತಿದ್ದೆ, ಅದಕ್ಕೇ ಅವಳು ನನಗೆ ಈ ಹೆಸರಿಟ್ಟಿದ್ದು. ಯಾಕೆ ಅತ್ತೆ?"

ಅತ್ತಿಗೆ ನಿಧಾನವಾಗಿ ಹೇಳಿದಳು: "ಇಲ್ಲ. ಎಲ್ಲಾ ಹುಲ್ಲುದಂಡೇಲೇ ಸಿಕ್ಕಿದ್ದು ಅಂತ ಇತ್ತು. ನಾನೇ ಓದಿದೀನಿ. ಪ್ರತಿ ಹಕ್ಕಿ ಕೆಳಗೂ ಇತ್ತು."

"ಆಗಕ್ಕೆ ಸಾಧ್ಯನೇ ಇಲ್ಲ ಆಂಟಿ. ಆಡಿ ಹಿಡಿದಿದ್ರೆ ಹಾಗೆ ಬರಲ್ಲ."

"ಆಡದೆ ಬಂದಿದ್ರೆ?" ಎಂದಳು ಬೂದಿ ಅತ್ತೆ.

ಗುಬ್ಬಿ ತನ್ನ ಚೀಲದ ಕಡೆ ನೋಡಿದಳು. "ಸೇವ್ ಫೈಲ್ ತಿದ್ದಿದ್ರೆ ಬರುತ್ತೆ. ಫೈಲ್ ಅಂದ್ರೆ ಬರೀ ಅಂಕಿ ಸಾಲು ಅತ್ತೆ. ಕಂಪ್ಯೂಟರಲ್ಲಿ ತೆಗೆದು, ಒಂದು ಗುಬ್ಬಚ್ಚಿ ಸಾಲನ್ನ ಹತ್ತು ಸಲ ನಕಲು ಮಾಡಿ, ಜಾತಿ ಅಂಕಿ ಬದಲಾಯಿಸ್ತಾ ಹೋದ್ರೆ ಒಂದು ಗೂಬೆ ಆಗುತ್ತೆ, ಒಂದು ಹದ್ದಾಗುತ್ತೆ. ಎಲ್ಲಿ ಸಿಕ್ತು ಅನ್ನೋ ಅಂಕಿ ಬೇರೆ ಕಡೆ ಇರುತ್ತೆ. ಅದನ್ನ ತಿದ್ದಕ್ಕೆ ಮರೆತ್ರೆ..."

"ಗೂಬೆನೂ ಹುಲ್ಲುದಂಡೇದೇ ಆಗುತ್ತೆ."

ಬೂದಿ ಅತ್ತೆ ಮುಂದುವರಿಸಿದಳು. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

"ಅತ್ತಿಗೆ, ನಿನ್ನೆ ರಾತ್ರಿ ಅಳಿಸಿದ್ದು ನಿಮ್ಮ ಮಗಳ ಆಟ ಅಲ್ಲ. ಅದು ಮೂರು ವರ್ಷದ ಹಿಂದೇನೇ ಹೋಗಿತ್ತು. ನೀವು ದಿನಾ ನೋಡ್ತಿದ್ದಿದ್ದು ಯಾರೋ ಕೂತು ಮಾಡಿದ ನಕಲು. ಗುಬ್ಬಿ ಇವತ್ತು ಬಂದು ಹಕ್ಕಿ ಪುಸ್ತಕ ತೆಗೆದಿದ್ರೆ ತಕ್ಷಣ ಗೊತ್ತಾಗ್ತಿತ್ತು. ಅವಳು ಕೊಟ್ಟ ಹಕ್ಕಿ ಅದರಲ್ಲಿ ಇರ್ತಾನೇ ಇರ್ಲಿಲ್ಲ. ತಿದ್ದಕ್ಕೆ ರೀಡರ್ ಬೇಕು, ರೀಡರ್ ಇದ್ದಿದ್ದು ಗುಬ್ಬಿ ಹತ್ರ. ಅದಕ್ಕೇ ಅಳಿಸಿ, ಸೆಲ್ ತಲೆಗೆ ಕಟ್ಟೋಣ ಅಂತ." ಅವಳು ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು. "ಅವಳು ಹೋದ ಹೊಸತರಲ್ಲಿ ಆ ರೀಡರ್ ಈಸ್ಕೊಂಡವನು ಒಬ್ಬನೇ. ಪಾಪು, ಬಾ ಇಲ್ಲಿ."

ಪಾಪು ಬಂದ. ಕೈ ಇನ್ನೂ ಒದ್ದೆಯಿತ್ತು.

"ಅಳಿಸಿದ್ದು ನೀನು. ಮಾಡಿದ್ದೂ ನೀನು. ಅಲ್ವಾ?"

"ಹೂಂ," ಎಂದ.

ಬಾಗಿಲ ಬಳಿ ಅಣ್ಣ ಕಣ್ಣು ಮುಚ್ಚಿಕೊಂಡ. ರಾತ್ರಿ ಮಗ ಎದ್ದು ಓಡಾಡಿದ್ದು ಅವನಿಗೆ ಕೇಳಿಸಿತ್ತೆಂದು ಬೂದಿ ಅತ್ತೆಗೆ ಆಗ ಅರ್ಥವಾಯಿತು.

"ಅಕ್ಕ ಆಸ್ಪತ್ರೇಲಿದ್ದಾಗ," ಪಾಪು ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಹೇಳಿದ, "ಮನೇಲಿ ನಾನೊಬ್ಬನೇ ಇರ್ತಿದ್ದೆ. ಬೇಜಾರಾಗಿ ಇದನ್ನ ತೆಗೆದೆ. ಹೊಸ ಆಟ ಶುರು ಮಾಡ್ದೆ. ಸೇವ್ ಮಾಡಿದ್ರೆ ಹಳೇದರ ಮೇಲೇ ಕೂರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಅಮ್ಮಾ. ಆಣೆ ಮಾಡ್ತೀನಿ, ಗೊತ್ತಿರ್ಲಿಲ್ಲ. ಅವಳು ಹೋದ್ಮೇಲೆ ನೀನು ಇದನ್ನ ಹುಡುಕಕ್ಕೆ ಶುರು ಮಾಡ್ದೆ. ಎಲ್ಲಿ ಅವಳ ಆಟ, ಎಲ್ಲಿ ಅವಳ ಆಟ ಅಂತ. ನಾನು ರಿಪೇರಿಗೆ ಕೊಟ್ಟಿದೀನಿ ಅಂದೆ. ನೆನಪಿದ್ದಷ್ಟು ಹಕ್ಕಿ ಹಾಕ್ದೆ. ಮೊದಲು ಆಟ ಓಪನ್ನೇ ಆಗ್ತಿರ್ಲಿಲ್ಲ. ಫೈಲ್ ಕೊನೇಲಿ ಎಲ್ಲಾ ಅಂಕಿ ಕೂಡಿಸಿದ ಮೊತ್ತ ಇರುತ್ತೆ, ಅದೂ ಸರಿ ಹೊಂದಬೇಕು. ಅದು ಹೊಂದೋವರೆಗೆ ತಿಣುಕಾಡ್ದೆ. ಹೊಂದಿದ ದಿನ ನಿನ್ನ ಕೈಗೆ ಕೊಟ್ಟೆ."

ಅತ್ತಿಗೆ ಪರದೆ ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ಬಾಗಿಲಲ್ಲಿ ನಿಂತಿದ್ಲಲ್ಲ. ಅದು?"

"ನಾನೇ ನಿಲ್ಸಿದ್ದು."

"ಮೂರು ವರ್ಷ."

"ಕಂಪ್ಯೂಟರಲ್ಲಿ ಒಂದು ಕಾಪಿ ಇದೆ ಅಮ್ಮಾ. ಬೇಕಾದ್ರೆ ಮತ್ತೆ ಹಾಕ್ಕೊಡ್ತೀನಿ. ಗುಬ್ಬಕ್ಕನ ರೀಡರ್ ಇದೆ, ಈಗಲೇ—"

"ಬೇಡ!"

ಆ ಒಂದು ಪದಕ್ಕೆ ಪಾಪು ಹೊಡೆತ ಬಿದ್ದವನಂತೆ ಹಿಂದೆ ಸರಿದ. ಬೂದಿ ಅತ್ತೆ ತನ್ನ ಜಾಣತನಕ್ಕೆ ತಾನೇ ಶಾಪ ಹಾಕಿಕೊಂಡಳು. ಗುಬ್ಬಿಯ ಮೇಲಿನ ಅಪವಾದವೇನೋ ಹೋಯಿತು. ಆದರೆ ಮಗಳನ್ನು ಕಳೆದುಕೊಂಡ ತಾಯಿಗೆ ಈಗ ಮಗನೂ ಉಳಿಯುತ್ತಾನೋ ಇಲ್ಲವೋ.

ಅತ್ತಿಗೆ ಬೆರಳಿಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಕೇಳಿದಳು. ದನಿ ಒಣಗಿತ್ತು.

"ಆಸ್ಪತ್ರೇಲಿ ಅವಳು ಇದನ್ನ ಕೇಳಿದ್ಲಾ?"

ಪಾಪು ತಲೆಯಾಡಿಸಿದ.

"ಬಾಯ್ಬಿಟ್ಟು ಹೇಳು."

"ಕೇಳಿದ್ಲು. ತಂದ್ಕೊಡು, ಹೊತ್ತು ಹೋಗಲ್ಲ ಅಂದ್ಲು. ಮೊದಲು ಸೆಲ್ ಮುಗಿದಿದೆ ಅಂದೆ. ಇನ್ನೊಂದ್ಸಲ ಕೇಳಿದಾಗ ಹುಡುಕಿದೆ, ಸಿಗ್ಲಿಲ್ಲ ಅಂದೆ."

"ಅವಳು ಏನಂದ್ಲು?"

"ಅಮ್ಮಾ, ಬಿಡು."

"ಏನಂದ್ಲು ಅಂತ ಕೇಳ್ದೆ."

"ನಕ್ಕಳು," ಎಂದ ಪಾಪು. "'ಅಳಿಸ್ಬಿಟ್ಯಲ್ಲೋ ಕತ್ತೆ' ಅಂದ್ಲು. ನನ್ನ ಮುಖ ನೋಡಿದ್ರೇ ಗೊತ್ತಾಯ್ತಂತೆ. ನನಗೆ ಅಳು ಬಂತು. 'ಅಳಬೇಡ, ಹೋಗ್ಲಿ, ವಾಸಿಯಾದ್ಮೇಲೆ ಇಬ್ಬರೂ ಸೇರಿ ಮೊದಲಿಂದ ಆಡೋಣ' ಅಂದ್ಲು. ಆಮೇಲೆ, 'ಅಮ್ಮಂಗೆ ಮಾತ್ರ ಹೇಳ್ಬೇಡ, ಸಾಯೋವರೆಗೂ ನಿನ್ನ ಬಿಡಲ್ಲ ಅವಳು' ಅಂದ್ಲು. ಅದಕ್ಕೇ ಹೇಳ್ಲಿಲ್ಲ."

ಅತ್ತಿಗೆಯ ಬಾಯಿಂದ ಒಂದು ಸದ್ದು ಹೊರಟಿತು. ಅದು ನಗುವೋ ಅಳುವೋ ಬೂದಿ ಅತ್ತೆಗೆ ಗೊತ್ತಾಗಲಿಲ್ಲ. ಆ ಮಾತು ಮಗಳದ್ದೇ. ಹಾಗೆ ಬೈಯುತ್ತಲೇ ತಮ್ಮನ ಪರ ನಿಲ್ಲುವುದು, ಹಾಗೆ ಅಮ್ಮನನ್ನು ಆಡಿಕೊಳ್ಳುವುದು ಇನ್ನಾರಿಗೂ ಬರುತ್ತಿರಲಿಲ್ಲ. ಈ ಮನೆಯಲ್ಲಿ ಮೂರು ವರ್ಷ ಯಾರೂ ಅವಳ ಮಾತೆತ್ತಿರಲಿಲ್ಲ. ಒಬ್ಬರ ನೋವು ಇನ್ನೊಬ್ಬರಿಗೆ ತಾಗಬಾರದೆಂದು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಅತ್ತಿಗೆ ಬಟ್ಟೆಯ ರಾಶಿಯನ್ನು ಕೆಳಕ್ಕೆ ತಳ್ಳಿ, ಕುರ್ಚಿ ಖಾಲಿ ಮಾಡಿ, ಮಗನ ಕೈ ಹಿಡಿದು ಅದರಲ್ಲಿ ಕೂರಿಸಿದಳು. ತಾನು ಅವನೆದುರು ನೆಲದ ಮೇಲೇ ಕುಳಿತಳು.

"ಆಮೇಲೆ?" ಎಂದಳು. "ನಾನು ಮನೆಗೆ ಬಂದಾಗೆಲ್ಲ ಅವಳ ಹತ್ರ ನೀನಿರ್ತಿದ್ದೆ. ಇನ್ನೇನೇನು ಅಂದ್ಲು? ಹೇಳೋ."

ಪಾಪು ತೋಳಿನಿಂದ ಮುಖ ಒರೆಸಿಕೊಂಡ.

"ಆಸ್ಪತ್ರೆ ಬ್ರೆಡ್ಡು ನಿನ್ನ ಹೊಲಿಗೆ ಮೆಷಿನ್ನಲ್ಲಿ ಹೊಲಿದಂಗಿದೆ ಅಂತಿದ್ಲು," ಎಂದು ಅವನು ಶುರುಮಾಡಿದ.